ಬಾಗಿಲು ಬಡಿದವರು ಯಾರು?

2021ರ ಡಿಸೆಂಬರ್‌ನಲ್ಲಿ ಬಂದ 'ಸ್ಪೈಡರ್‌ಮ್ಯಾನ್: ನೋ ವೇ ಹೋಮ್' ಸಿನಿಮಾವನ್ನು ನಿಮ್ಮಲ್ಲಿ ಹೆಚ್ಚಿನವರು ನೋಡಿರ್ತೀರಿ. ಅದರಲ್ಲಿ ಬೇರೆ ಯೂನಿವರ್ಸಿನ ಸ್ಪೈಡರ್‌ಮ್ಯಾನ್, ಅಂದರೆ ಆಂಡ್ರ್ಯೂ ಗಾರ್ಫೀಲ್ಡ್, ನೆಡ್‌ನ ಅಜ್ಜಿ ಮನೆಗೆ ಬಂದು ನಿಲ್ತಾನೆ. ಥಿಯೇಟರ್ ತುಂಬ ಶಿಳ್ಳೆ. ಆದರೆ ಆ ಮನೆಯೊಳಗೆ ಇದ್ದವರು ಶಿಳ್ಳೆ ಹೊಡೆಯಲ್ಲ, ಪ್ರೂಫ್ ಕೇಳ್ತಾರೆ. ಎಂಜೆ ಬ್ರೆಡ್ ಎಸೆದು ಟೆಸ್ಟ್ ಮಾಡ್ತಾಳೆ. ಅವನು ಸೂರಿಗೆ ಅಂಟಿಕೊಂಡು ತೋರಿಸಿದ ಮೇಲೆ ಅಜ್ಜಿ, ಹೆಂಗೂ ಮೇಲೆ ಹತ್ತಿದ್ದೀಯಲ್ಲ, ಆ ಮೂಲೆಯ ಜೇಡರ ಬಲೆ ತೆಗೆದುಬಿಡು ಅಂತ ಕೆಲಸ ಹಚ್ತಾಳೆ.

ಕ್ಯಾಮಿಯೊ ಅನ್ನೋದು ಹೇಗೆ ಕೆಲಸ ಮಾಡುತ್ತೆ ಅಂತ ಈ ಒಂದು ನಿಮಿಷ ಚೆನ್ನಾಗಿ ತೋರಿಸುತ್ತೆ. ಬಂದವನು ತನ್ನ ಲೋಕದಲ್ಲಿ ದೊಡ್ಡ ಹೀರೋ. ಇಲ್ಲಿ ಅವನ ಗುರುತು ಯಾರಿಗೂ ಇಲ್ಲ. ಈ ಮನೆಯವರು ಇಟ್ಟ ಪರೀಕ್ಷೆ ಪಾಸಾದರೆ ಮಾತ್ರ ಒಳಗೆ ಜಾಗ. ಇದೇನೋ ಹಾಲಿವುಡ್‌ನವರು ಕಂಡುಹಿಡಿದದ್ದು ಅಂದುಕೊಂಡಿದ್ದರೆ, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಈ ಕ್ಯಾಂಪಸ್ಸಿಗೆ ಬಂದ ನಮ್ಮಂಥವರು ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಇದನ್ನು ಬಯಲಲ್ಲಿ ರಾತ್ರಿಯಿಡೀ ಆಡ್ತಾರೆ. ಅಲ್ಲಿ ಹೊರಗೆ ನಿಂತವನು ಶ್ರೀಕೃಷ್ಣ. ಒಳಗಿಂದ ಪ್ರೂಫ್ ಕೇಳುವವಳು ಸತ್ಯಭಾಮೆ.

ಆ ಬಾಗಿಲಿಗೆ ಹೋಗುವ ಮೊದಲು ಸ್ವಲ್ಪ ಬೇಸಿಕ್ಸ್ ಮುಗಿಸೋಣ.

ಕ್ಯಾಮಿಯೊ ಯಾವುದು, ಯಾವುದಲ್ಲ

ಒಂದು ಲೋಕದ ಪಾತ್ರ ಇನ್ನೊಂದು ಲೋಕಕ್ಕೆ ಬರೋದರಲ್ಲಿ ಎರಡು ಮೂರು ಬಗೆ ಇವೆ. ಇವನ್ನು ನಾವು ಮಾತಾಡುವಾಗ ಕಲಸಿಬಿಡ್ತೀವಿ.

ಮೊದಲನೆಯದು ರೂಪಾಂತರ. ಕುವೆಂಪು ಅವರ 'ರಕ್ತಾಕ್ಷಿ' ನಾಟಕ ಶೇಕ್ಸ್‌ಪಿಯರ್‌ನ 'ಹ್ಯಾಮ್ಲೆಟ್' ಅನ್ನು ಬಿದನೂರಿನ ಅರಸರ ಕತೆಯಾಗಿ ಮಾಡಿದ್ದು. ಅವರ 'ಬಿರುಗಾಳಿ' ಹಾಗೇ 'ದಿ ಟೆಂಪೆಸ್ಟ್' ನಾಟಕದಿಂದ ಬಂದದ್ದು. ಇಲ್ಲಿ ಹ್ಯಾಮ್ಲೆಟ್ ಅನ್ನೋ ಮನುಷ್ಯ ಡೆನ್ಮಾರ್ಕಿನಿಂದ ಮಲೆನಾಡಿಗೆ ಬಂದಿಲ್ಲ. ಅವನ ಕತೆ ಬಂದಿದೆ, ಹೆಸರು ಬಟ್ಟೆ ಎಲ್ಲ ಬದಲಾಗಿ. ಸೋರ್ಸ್ ಕೋಡನ್ನು ಹೊಸ ಭಾಷೆಯಲ್ಲಿ ಮತ್ತೆ ಬರೆದ ಹಾಗೆ.

ಎರಡನೆಯದು ಕ್ರಾಸೋವರ್. ಎರಡು ಲೋಕಗಳು ಸರಿಸಮವಾಗಿ ಸೇರ್ತವೆ, ಕತೆ ಇಬ್ಬರದೂ ಆಗಿರುತ್ತೆ.

ಮೂರನೆಯದು ಕ್ಯಾಮಿಯೊ. ಇಲ್ಲಿ ಪಾತ್ರ ತನ್ನ ಹೆಸರು, ತನ್ನ ಹಳೆಯ ನೆನಪು, ತನ್ನ ಬಿರುದು ಎಲ್ಲ ಹೊತ್ತುಕೊಂಡೇ ಬರ್ತದೆ. ಆದರೆ ಬಂದ ಜಾಗದಲ್ಲಿ ಬೇರೆಯವರ ಕತೆ ಆಗಲೇ ನಡೀತಾ ಇರುತ್ತೆ. ಇವನು ಸ್ವಲ್ಪ ಹೊತ್ತು ಇದ್ದು ಹೋಗುವ ಅತಿಥಿ. ಮನೆ ಇವನದಲ್ಲ, ರೂಲ್ಸೂ ಇವನದಲ್ಲ.

ನಾರದನನ್ನು ಈ ಲೆಕ್ಕದಲ್ಲಿ ಕ್ಯಾಮಿಯೊಗಳ ಚಾಂಪಿಯನ್ ಅನ್ನಬಹುದು. ಯಾವ ಪುರಾಣಕ್ಕಾದರೂ ವೀಸಾ ಇಲ್ಲದೆ ಹೋಗಿಬರ್ತಾನೆ. ಆದರೆ ಅವನನ್ನು ಎಲ್ಲರೂ ಎಲ್ಲ ಕಡೆ ಗುರುತು ಹಿಡಿತಾರೆ. ಹಾಗಾಗಿ ಅವನು ಬಂದಾಗ ಕತೆ ಶುರುವಾಗುತ್ತೆ ಹೊರತು ಅವನಿಗೆ ಏನೂ ಆಗಲ್ಲ. ಮಜಾ ಇರೋದು ಗುರುತು ಸಿಗದೆ ಇದ್ದಾಗ.

ಹನುಮಂತನೇ ಕೇಳಿದ: ಹನುಮಂತ ಅಂದ್ರೆ ಯಾರು?

ಮಹಾಭಾರತದ ವನಪರ್ವಕ್ಕೆ ಬನ್ನಿ. ದ್ರೌಪದಿಗೆ ಸೌಗಂಧಿಕ ಹೂವು ಬೇಕು. ಭೀಮ ಹುಡುಕಿಕೊಂಡು ಹೊರಡ್ತಾನೆ. ದಾರಿಯಲ್ಲಿ ಒಂದು ಮುದಿ ಕಪಿ ಅಡ್ಡ ಮಲಗಿದೆ. ಏಳು ಅಂದರೆ ಏಳಲ್ಲ. ದಾಟಿ ಹೋಗು ಅನ್ನುತ್ತೆ. ಆಗ ಭೀಮ, ಹನುಮಂತ ಸಮುದ್ರ ಹಾರಿದಂತೆ ನಿನ್ನನ್ನೂ ಹಾರಿ ಹೋಗಬಲ್ಲೆ ಅನ್ನುವ ಅರ್ಥದ ಮಾತಾಡ್ತಾನೆ. ಕಪಿ ಕೇಳುತ್ತೆ, ಆ ಹನುಮಂತ ಯಾರಪ್ಪ?

ಕೇಳ್ತಿರೋದು ಹನುಮಂತನೇ. ರಾಮಾಯಣದ ಪಾತ್ರ ಮಹಾಭಾರತದ ದಾರಿಯಲ್ಲಿ ಮಲಗಿ, ತನ್ನ ಬಗ್ಗೆ ತನಗೇ ಗೊತ್ತಿಲ್ಲದವನ ಹಾಗೆ ವಿಚಾರಿಸ್ತಾ ಇದೆ. ಇಬ್ಬರೂ ವಾಯುಪುತ್ರರು, ಅಂದರೆ ಅಣ್ಣ ತಮ್ಮ. ಆದರೂ ಗುರುತಿಲ್ಲ. ಕೊನೆಗೆ ಬಾಲ ಎತ್ತು ಅನ್ನೋ ಪರೀಕ್ಷೆಯಲ್ಲಿ ಭೀಮ ಸೋಲ್ತಾನೆ, ಸೋತ ಮೇಲೆ ನೀವು ಯಾರು ಅಂತ ಮರ್ಯಾದೆಯಿಂದ ಕೇಳ್ತಾನೆ. ಹನುಮಂತ ಹೋಗುವಾಗ ಅರ್ಜುನನ ಬಾವುಟದಲ್ಲಿ ಕೂರ್ತೀನಿ ಅಂತ ಮಾತು ಕೊಡ್ತಾನೆ. ಅಂದರೆ ಅವನು ಬಂದು ಹೋದದ್ದರಿಂದ ಮಹಾಭಾರತದಲ್ಲಿ ಒಂದು ಬದಲಾವಣೆ ಉಳೀತು. ಇದೇ ಬೀಜದಿಂದ ಬೆಳೆದ ಹಾಗಿರುವ ಕತೆಯೊಂದು ಯಕ್ಷಗಾನದಲ್ಲಿ 'ಶರಸೇತು ಬಂಧನ' ಅನ್ನೋ ಪ್ರಸಂಗವಾಗಿದೆ. ರಾಮ ಕಲ್ಲಿನ ಸೇತುವೆ ಯಾಕೆ ಕಟ್ಟಿದ, ಬಾಣದಲ್ಲೇ ಕಟ್ಟಬಹುದಿತ್ತಲ್ಲ ಅಂತ ಅರ್ಜುನ ಜಂಬ ಪಡ್ತಾನೆ. ಅಲ್ಲೂ ಗುರುತು ಸಿಗದ ಒಂದು ಕಪಿ ಆ ಬಾಣದ ಸೇತುವೆಯ ಲೋಡ್ ಟೆಸ್ಟ್ ಮಾಡುತ್ತೆ. ಸಿವಿಲ್ ಬ್ರಾಂಚಿನವರು ಇದನ್ನು ಓದಲೇಬೇಕು.

ಇನ್ನೊಂದು ಉದಾಹರಣೆ ಜಾಂಬವಂತ. ಗಣೇಶ ಚೌತಿಯ ದಿನ ಚಂದ್ರನ್ನ ನೋಡಿದರೆ ಕೇಳಬೇಕು ಅಂತ ಮನೆಯಲ್ಲಿ ಹೇಳುವ ಸ್ಯಮಂತಕ ಮಣಿಯ ಕತೆ ಇದೆಯಲ್ಲ, ಅದೇ. ಮಣಿ ಸತ್ರಾಜಿತನದು. ಕದ್ದವನು ಕೃಷ್ಣ ಅಂತ ಅಪವಾದ. ಕೃಷ್ಣ ಹುಡುಕಿಕೊಂಡು ಗುಹೆಗೆ ಹೋದರೆ ಅಲ್ಲಿ ರಾಮಾಯಣದ ಜಾಂಬವಂತ ಕೂತಿದ್ದಾನೆ. ಭಾಗವತದ ಪ್ರಕಾರ ಇಬ್ಬರೂ 28 ದಿನ ಹೊಡೆದಾಡ್ತಾರೆ. ಎದುರಿಗಿರುವವನು ತನ್ನ ಹಳೆಯ ರಾಮನೇ ಅಂತ ಆಮೇಲೆ ಜಾಂಬವಂತನಿಗೆ ಹೊಳೆಯುತ್ತೆ. ಮಣಿ ಕೊಡ್ತಾನೆ, ಮಗಳು ಜಾಂಬವತಿಯನ್ನೂ ಕೊಡ್ತಾನೆ. ಅಪವಾದ ಹೊರಿಸಿದ ಸತ್ರಾಜಿತ ನಾಚಿಕೊಂಡು ತನ್ನ ಮಗಳನ್ನು ಕೃಷ್ಣನಿಗೆ ಕೊಟ್ಟು ಮದುವೆ ಮಾಡ್ತಾನೆ. ಆ ಮಗಳ ಹೆಸರು ಸತ್ಯಭಾಮೆ. ರಾಮಾಯಣದ ಒಂದು ಕರಡಿ ಕ್ಯಾಮಿಯೊ ಮಾಡದಿದ್ದರೆ ನಾವು ಹೇಳಲು ಹೊರಟ ಬಾಗಿಲ ಕತೆಯೇ ಇರ್ತಿರಲಿಲ್ಲ.

ಯುರೋಪಿನಲ್ಲೂ ಇದೇ ಜಗಳ

ಅಲ್ಲಿನ ಎರಡು ಉದಾಹರಣೆ ಸಾಕು. ಸೆರ್ವಾಂಟಿಸ್ 1605ರಲ್ಲಿ 'ಡಾನ್ ಕಿಹೋಟೆ' ಮೊದಲ ಭಾಗ ತಂದ. ಅವನು ಎರಡನೇ ಭಾಗ ಮುಗಿಸುವ ಮೊದಲೇ 1614ರಲ್ಲಿ ಅವೆಯಾನೆಡಾ ಅನ್ನೋ ಹೆಸರಿನಲ್ಲಿ ಯಾರೋ ನಕಲಿ ಎರಡನೇ ಭಾಗ ಪ್ರಿಂಟ್ ಮಾಡಿಬಿಟ್ಟರು. ಸೆರ್ವಾಂಟಿಸ್ ಕೇಸ್ ಹಾಕಲಿಲ್ಲ. 1615ರ ತನ್ನ ಅಸಲಿ ಎರಡನೇ ಭಾಗದಲ್ಲಿ, ಆ ನಕಲಿ ಪುಸ್ತಕದ ಪಾತ್ರವೊಂದನ್ನು ಕರೆದುಕೊಂಡು ಬಂದ. ಅವನ ಹೆಸರು ಡಾನ್ ಆಲ್ವಾರೊ ತಾರ್ಫೆ. ನಾನು ನೋಡಿದ ಡಾನ್ ಕಿಹೋಟೆ ಇವನಲ್ಲ, ಇವನೇ ಅಸಲಿ ಅಂತ ಊರಿನ ಅಧಿಕಾರಿಯ ಮುಂದೆ ಅವನಿಂದ ಬರೆಸಿಕೊಂಡ. ಕಾದಂಬರಿಯೊಳಗೆ ಅಫಿಡವಿಟ್! ನಮ್ಮ ಅಡ್ಮಿಷನ್ ಟೈಮಿನಲ್ಲಿ ಕೂಡ ಇಷ್ಟು ಗಟ್ಟಿ ವೆರಿಫಿಕೇಶನ್ ಆಗಿಲ್ಲ.

ಎರಡನೆಯದು ಷರ್ಲಾಕ್ ಹೋಮ್ಸ್. ಫ್ರಾನ್ಸಿನ ಮೋರಿಸ್ ಲೆಬ್ಲಾಂಕ್ 1906ರಲ್ಲಿ ತನ್ನ ಕಳ್ಳ ಹೀರೋ ಆರ್ಸೆನ್ ಲೂಪಿನ್ ಕತೆಗೆ ಹೋಮ್ಸ್‌ನನ್ನು ಅತಿಥಿಯಾಗಿ ತಂದ. ಆ ಕತೆಯಲ್ಲಿ ಲೂಪಿನ್, ಹೋಮ್ಸ್‌ನ ಗಡಿಯಾರವನ್ನೇ ಎಗರಿಸಿ ವಾಪಸ್ ಕಳಿಸ್ತಾನೆ. ಲಂಡನ್ನಿನಲ್ಲಿ ಎಲ್ಲರನ್ನೂ ಮೀರಿಸುವವನು ಪ್ಯಾರಿಸ್ ಲೇಖಕನ ಮನೆಯಲ್ಲಿ ಬೇಸ್ತು ಬೀಳ್ತಾನೆ. ಕಾನನ್ ಡಾಯ್ಲ್ ಕಡೆಯಿಂದ ಆಕ್ಷೇಪ ಬಂತು. ಲೆಬ್ಲಾಂಕ್ ಹೆಸರನ್ನು ಹರ್ಲಾಕ್ ಶೋಮ್ಸ್ ಅಂತ ಮಾಡಿ ಮುಂದುವರಿಸಿದ. ಮೊದಲ ಅಕ್ಷರಗಳನ್ನು ಅದಲು ಬದಲು ಮಾಡಿದ, ಅಷ್ಟೇ.

ಈ ಎರಡರಲ್ಲೂ ಇರೋ ಪ್ರಶ್ನೆ ಮಾಲೀಕತ್ವದ್ದು. ಪಾತ್ರ ಯಾರ ಆಸ್ತಿ, ಯಾರು ಪರ್ಮಿಷನ್ ಕೊಡಬೇಕು? ನಮ್ಮ ಕಡೆಯ ಆಟಗಳಲ್ಲಿ ಈ ಪ್ರಶ್ನೆ ಬರೋದಿಲ್ಲ. ಕೃಷ್ಣನ ಕಾಪಿರೈಟ್ ಯಾರ ಹತ್ತಿರವೂ ಇಲ್ಲ. ಹಾಗಾಗಿ ಅಲ್ಲಿ ಪ್ರಶ್ನೆ ನೇರವಾಗಿ ಕೃಷ್ಣನಿಗೇ ಹೋಗುತ್ತೆ.

ಕುಲಗೋಡದ ದ್ವಾರಕೆ

ಕುಲಗೋಡ ಮೊದಲು ಗೋಕಾಕ ತಾಲೂಕಿನಲ್ಲಿತ್ತು, ಈಗ ಮೂಡಲಗಿ ತಾಲೂಕು. ಉತ್ತರ ಕರ್ನಾಟಕದ ಹೆಸರಾದ ಆಟ 'ಶ್ರೀಕೃಷ್ಣ ಪಾರಿಜಾತ' ಅಂದ ಕೂಡಲೇ ಈ ಊರಿನ ಹೆಸರು ಬರುತ್ತೆ. ಮೂಲದಲ್ಲಿ ಅಪರಾಳ ತಮ್ಮಣ್ಣ ಬರೆದದ್ದನ್ನು ಕುಲಗೋಡ ತಮ್ಮಣ್ಣ ಆಡುವ ಆಟವಾಗಿ ಬೆಳೆಸಿದರು. ಮುಂದೆ ಕೌಜಲಗಿ ನಿಂಗಮ್ಮ ಅವರಂಥ ಕಲಾವಿದೆಯರು ಇದನ್ನು ಈ ಭಾಗದಲ್ಲಿ ಮನೆಮಾತು ಮಾಡಿದರು. ಹಾರ್ಮೋನಿಯಂ, ತಬಲಾ, ತಾಳ, ಬಯಲು, ಬೆಳಗಿನವರೆಗೆ ಕೂತ ಜನ.

ಕತೆ ಗೊತ್ತಿರದವರಿಗೆ ನಾಲ್ಕು ಸಾಲು. ನಾರದ ದೇವಲೋಕದಿಂದ ಒಂದು ಪಾರಿಜಾತದ ಹೂವು ತರ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡ್ತಾನೆ. ಸುದ್ದಿ ಸತ್ಯಭಾಮೆಗೆ ಮುಟ್ಟುತ್ತೆ. ಅವಳು ಸಿಟ್ಟಿನಿಂದ ಬಾಗಿಲು ಹಾಕ್ಕೊಳ್ತಾಳೆ. ಕೃಷ್ಣ ಸಮಾಧಾನ ಮಾಡಲು ಬರ್ತಾನೆ.

ಈ ಕತೆ ನಮ್ಮೊಬ್ಬರದೇ ಅಲ್ಲ. ಹರಿವಂಶ, ಭಾಗವತಗಳಲ್ಲಿ ಪಾರಿಜಾತದ ಪ್ರಸಂಗ ಇದೆ. ಕೃಷ್ಣದೇವರಾಯನ ಆಸ್ಥಾನದ ನಂದಿ ತಿಮ್ಮನ ತೆಲುಗಿನಲ್ಲಿ 'ಪಾರಿಜಾತಾಪಹರಣಮು' ಬರೆದ. ಕೂಚಿಪುಡಿಯವರ 'ಭಾಮಾಕಲಾಪಂ' ಕೂಡ ಸತ್ಯಭಾಮೆಯದೇ. ಇದೇ ಸತ್ಯಭಾಮೆ ಬಾಗಿಲ ಹಿಂದೆ ನಿಂತು ಕೃಷ್ಣನ ಬಾಯಿ ಮುಚ್ಚಿಸುವ ಒಂದು ಹಳೆಯ ಸಂಸ್ಕೃತ ಶ್ಲೋಕವೂ ಇದೆ. ಅದರ ತರ್ಕವನ್ನು ನಮ್ಮ ಮಾತಿನಲ್ಲಿ ಬಿಡಿಸಿ ಹೇಳೋದಾದರೆ ಹೀಗಾಗುತ್ತೆ:

ಯಾರದು, ಬಾಗಿಲಾ ಬಡಿಯೋರು?
ನಾ, ಮಾಧವ.
ಮಾಧವ ಅಂದ್ರ ವಸಂತ ಋತು. ಋತು ಎಲ್ಲೆರ ಬಾಗಿಲಾ ಬಡೀತೈತೇನು?
ಅಲ್ಲಾ, ನಾ ಚಕ್ರಿ.
ಚಕ್ರ ಇಟ್ಕೊಂಡಾಂವ ಅಂದ್ರ ಕುಂಬಾರ. ಗಡಿಗಿ ಬ್ಯಾಡ, ಮುಂದ ಹೋಗು.
ಅಲ್ಲಾ ಮಾರಾಯ್ತಿ, ಧರಣೀಧರ. ಭೂಮಿ ಹೊತ್ತಾಂವ.
ಭೂಮಿ ಹೊತ್ತದ್ದು ಆದಿಶೇಷ. ಹಾವಿಗೆ ನಾ ಬಾಗಿಲಾ ತಗೀಲೇನು?
ಹಾವು ಅಲ್ಲ, ಹಾವಿನ ಸೊಕ್ಕು ಮುರದಾಂವ.
ಹಂಗಾದ್ರ ಗರುಡ.
ಅಲ್ಲಾ, ನಾ ಹರಿ!
ಹರಿ ಅಂದ್ರ ಮಂಗ್ಯಾ ಅಂತನೂ ಅರ್ಥ ಐತಿ.

ಐದು ಸಲ ಲಾಗಿನ್, ಐದು ಸಲವೂ ಇನ್‌ವ್ಯಾಲಿಡ್. ತಮಾಷೆ ಅನ್ನಿಸುತ್ತೆ, ಆದರೆ ಸ್ವಲ್ಪ ನಿಂತು ನೋಡಿ. ಸತ್ಯಭಾಮೆ ಒಂದೂ ಸುಳ್ಳು ಹೇಳ್ತಿಲ್ಲ. ಮಾಧವ ಅನ್ನೋ ಪದಕ್ಕೆ ವಸಂತ ಅನ್ನೋ ಅರ್ಥ ನಿಜವಾಗಿಯೂ ಇದೆ. ಹರಿ ಅನ್ನೋ ಪದಕ್ಕೆ ಕಪಿ ಅನ್ನೋ ಅರ್ಥವೂ ಇದೆ. ಅವಳು ಮಾಡ್ತಿರೋದು ಇಷ್ಟೇ. ಅವನ ಬಿರುದುಗಳನ್ನು ಒಂದೊಂದಾಗಿ ತಗೊಂಡು, ಈ ಮನೆಯಲ್ಲಿ ಇದಕ್ಕೆ ಬೆಲೆ ಇಲ್ಲ ಅಂತ ವಾಪಸ್ ಕೊಡ್ತಿದ್ದಾಳೆ. ಕಾಳಿಂಗನ ಹೆಡೆ ಮೇಲೆ ಕುಣಿದದ್ದು, ಚಕ್ರ ಹಿಡಿದದ್ದು ಎಲ್ಲ ಬೇರೆ ಪುರಾಣದ ಸಾಧನೆಗಳು. ಇಲ್ಲಿನ ಪ್ರಶ್ನೆ ಒಂದೇ. ಹೂವು ಯಾಕೆ ಆ ಮನೆಗೆ ಹೋಯ್ತು? ಅದಕ್ಕೆ ಉತ್ತರ ಕೊಡುವವನು ದೇವರಾದರೆ ಸಾಲದು, ಗಂಡನಾಗಿ ನಿಲ್ಲಬೇಕು. ಪಾರಿಜಾತದ ಆಟ ನಿಂತಿರೋದು ಇದೇ ಹೊಸ್ತಿಲಿನ ಮೇಲೆ.

ಇಲ್ಲಿ ನಿಮಗೆ ಒಂದು ಡೌಟ್ ಬರಬಹುದು. ಪಾರಿಜಾತದಲ್ಲಿ ಕೃಷ್ಣನೇ ಮುಖ್ಯ ಪಾತ್ರ, ದ್ವಾರಕೆ ಅವನದೇ ಊರು, ಇದು ಕ್ಯಾಮಿಯೊ ಹೇಗಾಗುತ್ತೆ? ಕಾಗದದ ಮೇಲೆ ನೋಡಿದರೆ ಆಗಲ್ಲ, ನಿಜ. ಆಟದ ಬಯಲಿಗೆ ಬಂದರೆ ಬೇರೆ ಕಾಣುತ್ತೆ. ಅಲ್ಲಿ ದ್ವಾರಕೆ ಅಂತ ಕರೆಯೋ ಊರಿನಲ್ಲಿ ಜನ ಮಾತಾಡೋದು ಗೋಕಾಕ ಕಡೆಯ ಕನ್ನಡ. ಸವತಿ ಮಾತ್ಸರ್ಯ, ಹೊಸ್ತಿಲು, ಸಿಟ್ಟು, ಬೈಗುಳ ಎಲ್ಲ ನಮ್ಮ ಓಣಿಯದು. ಅದಕ್ಕಿಂತ ಮುಖ್ಯ, ವೇದಿಕೆಯ ಮೇಲೆ ಭಾಗವತ ಇದ್ದಾನೆ. ಅವನು ಪುರಾಣದವನಲ್ಲ, ನೋಡೋಕೆ ಕೂತ ನಮ್ಮ ಕಡೆಯವನು. ನಮ್ಮ ಬಯಲಾಟಗಳಲ್ಲಿ ಪಾತ್ರ ಯಾರೇ ರಂಗಕ್ಕೆ ಬರಲಿ, ತಾವು ಯಾರು, ಯಾವ ಊರು, ಬಂದ ಕಾರಣ ಏನು ಅಂತ ವಿಚಾರಿಸುವ ಪದ್ಧತಿ ಇದೆ. ರಾಜನಾದರೂ ಅಷ್ಟೇ, ದೇವರಾದರೂ ಅಷ್ಟೇ. ಎಲ್ಲರಿಗೂ ವೈವಾ ಕಡ್ಡಾಯ. ಹೀಗಾಗಿ ಆ ರಾತ್ರಿ ಪುರಾಣ ನಮ್ಮ ಊರಿಗೆ ಬಂದ ಅತಿಥಿ. ದ್ವಾರಕೆ ಕುಲಗೋಡದಲ್ಲಿ ಕ್ಯಾಮಿಯೊ ಮಾಡ್ತಾ ಇದೆ.

ಹೂವಿನ ಕತೆ ಹೇಗೆ ಮುಗಿಯುತ್ತೆ ಅಂತ ಕೇಳಿದರೆ, ಜನ ಹೇಳುವ ಒಂದು ಮುಕ್ತಾಯ ಬಹಳ ಚೆಂದ. ಕೃಷ್ಣ ಇಂದ್ರನ ತೋಟದಿಂದ ಪಾರಿಜಾತದ ಮರವನ್ನೇ ತಂದು ಸತ್ಯಭಾಮೆಯ ಅಂಗಳದಲ್ಲಿ ನೆಡ್ತಾನೆ. ಹೂವು ಮಾತ್ರ ರುಕ್ಮಿಣಿಯ ಅಂಗಳದಲ್ಲಿ ಬೀಳ್ತಾವೆ.

ಕಂಬಾರರ ಊರಿಗೆ ಬಂದ ಅತಿಥಿಗಳು

ಕುಲಗೋಡದಲ್ಲಿ ಒಂದು ಬಾಗಿಲು ನೋಡಿದೆವು. ಪಕ್ಕದ ಹುಕ್ಕೇರಿ ತಾಲೂಕಿನವರು ಒಬ್ಬರು ಇಂಥ ಅತಿಥಿಗಳಿಗಾಗಿ ಒಂದು ಊರನ್ನೇ ಕಟ್ಟಿದ್ದಾರೆ. ಚಂದ್ರಶೇಖರ ಕಂಬಾರರು 1937ರಲ್ಲಿ ಹುಟ್ಟಿದ್ದು ಘಟಪ್ರಭಾ ಹೊಳೆ ದಂಡೆಯ ಘೋಡಗೇರಿಯಲ್ಲಿ, ಹೈಸ್ಕೂಲ್ ಓದಿದ್ದು ಗೋಕಾಕದಲ್ಲಿ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ, 2010ರ ಜ್ಞಾನಪೀಠ ಪ್ರಶಸ್ತಿ ಪಡೆದವರು. ಇದೆಲ್ಲ ಜನರಲ್ ನಾಲೆಡ್ಜ್ ಪುಸ್ತಕದಲ್ಲಿ ಸಿಗುತ್ತೆ. ಅಲ್ಲಿ ಸಿಗದ ವಿಷಯ ಅಂದರೆ ಅವರು ಒಂದು ಯೂನಿವರ್ಸ್ ಕಟ್ಟಿದ್ದು. ಅದರ ಹೆಸರು ಶಿವಾಪುರ. 1964ರ 'ಹೇಳತೇನ ಕೇಳ' ಕಾವ್ಯದಿಂದ 2015ರ 'ಶಿವನ ಡಂಗುರ' ಕಾದಂಬರಿವರೆಗೆ, 50 ವರ್ಷಕ್ಕೂ ಹೆಚ್ಚು ಕಾಲ ಆ ಊರು ಅವರ ಬರವಣಿಗೆಯಲ್ಲಿ ಮತ್ತೆ ಮತ್ತೆ ಬರ್ತದೆ. ಮಾರ್ವೆಲ್‌ನವರ ಮೊದಲ 'ಐರನ್ ಮ್ಯಾನ್' ಸಿನಿಮಾ ಬಂದದ್ದು 2008ರಲ್ಲಿ ಅನ್ನೋದನ್ನು ನೆನಪಿಗೆ ಇಟ್ಟುಕೊಳ್ಳಿ.

ಈ ಲೋಕಕ್ಕೆ ಬಂದ ಹಳೆಯ ಪಾತ್ರಗಳಲ್ಲಿ ಇಬ್ಬರನ್ನು ನೋಡೋಣ.

ಮೊದಲನೆಯವನು ಋಷ್ಯಶೃಂಗ. ರಾಮಾಯಣ, ಮಹಾಭಾರತ ಎರಡರಲ್ಲೂ ಇವನ ಕತೆ ಇದೆ. ಕಾಡಿನಲ್ಲಿ ಬೆಳೆದವನು, ಹೆಣ್ಣನ್ನೇ ನೋಡದವನು. ಅಂಗ ದೇಶದಲ್ಲಿ ಬರ ಬಿದ್ದಾಗ ಇವನನ್ನು ಉಪಾಯದಿಂದ ಕರೆತರ್ತಾರೆ, ಕಾಲಿಟ್ಟ ಕೂಡಲೇ ಮಳೆ. ಶೃಂಗೇರಿ ಹತ್ತಿರದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನ ಗುಡಿ ಇದೆ, ಮಳೆಗಾಗಿ ಇವತ್ತಿಗೂ ಜನ ಅಲ್ಲಿ ಪೂಜೆ ಮಾಡಿಸ್ತಾರೆ. ಅಂದರೆ ಪುರಾಣದಲ್ಲಿ ಅವನು ಒಂದು ಫಂಕ್ಷನ್ ಇದ್ದ ಹಾಗೆ. ಕಾಲ್ ಮಾಡಿದರೆ ಮಳೆ ರಿಟರ್ನ್ ಆಗುತ್ತೆ. ಕಂಬಾರರು 'ಋಷ್ಯಶೃಂಗ' ಅಂತ ನಾಟಕ ಬರೆದಾಗ ಆ ಫಂಕ್ಷನ್ನನ್ನು ಬರ ಬಿದ್ದ ನಮ್ಮ ಕಡೆಯ ಹಳ್ಳಿಗೆ ತಂದರು. ಅಲ್ಲಿ ಬರೋದು ಕೊಂಬಿರುವ ಮುನಿಯಲ್ಲ, ಊರಿನದೇ ಹುಡುಗ. ಅವನು ಬಂದರೆ ಮಳೆ ಬಂದೀತು ಅಂತ ಊರು ಕಾಯುತ್ತೆ. ಹೆಸರಿನಲ್ಲಿ ಪುರಾಣದ ಭರವಸೆ ಇದೆ. ಆದರೆ ಒಡೆದ ನೆಲ, ಒಳಗೊಳಗೆ ಕೊಳೆತ ಗುಟ್ಟುಗಳು, ಬಂದವನ ಸ್ವಂತ ಸಂಕಟ ಎಲ್ಲ ಈ ಊರಿನವು. ಒಬ್ಬ ಮನುಷ್ಯನ ತಲೆ ಮೇಲೆ ಇಡೀ ಊರಿನ ಮಳೆಯನ್ನು ಹೊರಿಸಿದರೆ ಅವನಿಗೆ ಏನಾಗುತ್ತೆ ಅನ್ನೋ ಪ್ರಶ್ನೆ ಪುರಾಣದಲ್ಲಿ ಏಳಲ್ಲ. ಇಲ್ಲಿ ಏಳುತ್ತೆ.

ಎರಡನೆಯವನು ಜೋಕುಮಾರ. ಇವನು ಪುಸ್ತಕದ ಪಾತ್ರವಲ್ಲ, ಬುಟ್ಟಿಯಲ್ಲಿ ಬರುವ ದೇವರು. ಭಾದ್ರಪದದಲ್ಲಿ ಗಣಪತಿ ಬಂದುಹೋದ ಮೇಲೆ ಅಷ್ಟಮಿಯಲ್ಲಿ ಹುಟ್ಟಿ, ಏಳು ದಿನ ಬಾಳಿ, ಹುಣ್ಣಿಮೆ ಹೊತ್ತಿಗೆ ಸಾಯ್ತಾನೆ. ಹೆಣ್ಣುಮಕ್ಕಳು ಮಣ್ಣಿನ ಮೂರ್ತಿಯನ್ನು ಬೇವಿನ ಸೊಪ್ಪಿನ ಬುಟ್ಟಿಯಲ್ಲಿಟ್ಟುಕೊಂಡು ಮನೆಮನೆಗೆ ಹಾಡು ಹೇಳ್ತಾ ಬರ್ತಾರೆ. ಗಣಪತಿ ಕಡಬು ತಿಂದು ಹೋಗಿ, ಭೂಲೋಕದಲ್ಲಿ ಎಲ್ಲ ಚಲೋ ಐತಿ ಅಂತ ಶಿವನಿಗೆ ರಿಪೋರ್ಟ್ ಕೊಡ್ತಾನಂತೆ. ಮಳೆ ಇಲ್ಲ, ಬೆಳೆ ಇಲ್ಲ ಅಂತ ನಿಜ ಹೇಳುವವನು ಜೋಕುಮಾರ.

1972ರ 'ಜೋಕುಮಾರಸ್ವಾಮಿ' ನಾಟಕದಲ್ಲಿ ಈ ದೇವರು ಒಂದು ಜಮೀನಿನ ಜಗಳದೊಳಗೆ ಬರ್ತಾನೆ. ಮಕ್ಕಳಿಲ್ಲದ ಗೌಡತಿ ಜೋಕುಮಾರಸ್ವಾಮಿಯ ಹೆಸರಿನಲ್ಲಿ ಗಂಡನಿಗಾಗಿ ಪಡವಲಕಾಯಿ ಅಡಿಗೆ ಮಾಡ್ತಾಳೆ. ಅದನ್ನು ಉಣ್ಣುವವನು ಗೌಡ ಅಲ್ಲ, ಹೊಲ ಉಳುವ ಬಸಣ್ಣ. ಕೊನೆಗೆ ಗೌಡನ ಕಡೆಯವರು ಅವನನ್ನು ಕೊಲ್ತಾರೆ. ಪ್ರತಿವರ್ಷ ಸಾಯುವ ದೇವರ ಸಾವು ಇಲ್ಲಿ ಒಬ್ಬ ಒಕ್ಕಲಿನವನ ಸಾವಾಗುತ್ತೆ. ಉಳುವವನೇ ಹೊಲದೊಡೆಯ ಅನ್ನೋ ಭೂಸುಧಾರಣೆ ತಿದ್ದುಪಡಿ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದದ್ದು 1974ರಲ್ಲಿ. ನಾಟಕ ಅದಕ್ಕೂ ಎರಡು ವರ್ಷ ಮೊದಲಿನದು. ಜೋಕುಮಾರ ಈ ಊರಿಗೆ ಬಂದು ತನ್ನ ಹಳೆಯ ಕೆಲಸವನ್ನೇ ಮಾಡ್ತಾನೆ, ನಿಜ ಹೇಳ್ತಾನೆ. ಹೇಳಬೇಕಾದ ನಿಜ ಮಾತ್ರ ಊರಿನದು.

ಈಗ ಎಲ್ಲವನ್ನೂ ಒಂದು ಸಾಲಿನಲ್ಲಿ ಇಟ್ಟರೆ ನಮಗೆ ಕಾಣೋದು ಇದು. ಒಳ್ಳೆಯ ಕ್ಯಾಮಿಯೊದಲ್ಲಿ ಅತಿಥಿಯನ್ನು ಯಾರೋ ತಡೀತಾರೆ. ಅವನ ಹಳೆಯ ಬಿರುದು ಅಲ್ಲಿ ನಡೆಯಲ್ಲ. ಹೊಸ ಮನೆಯ ಕಷ್ಟಕ್ಕೆ ಅವನು ಕೈ ಹಚ್ಚಬೇಕು. ಹೋಗುವಾಗ ಏನಾದರೂ ಬದಲಾಗಿರಬೇಕು. ಬರೀ ಬಂದು ಕೈಬೀಸಿ ಹೋದರೆ ಅದು ಜಾಹೀರಾತು.

ನಮ್ಮ ಕನ್ನಡ ಅತಿಥಿಯೋ, ಮನೆಯೋ?

ಇದನ್ನು ನಾವು ಯಾಕೆ ಇಷ್ಟು ಹಚ್ಚಿಕೊಂಡು ಬರೀತಿದ್ದೀವಿ ಅಂದರೆ ಒಂದು ಕಾರಣ ಇದೆ. ನಮ್ಮ ಕಡೆಯಿಂದ ಬಂದವರಿಗೆ ಫಸ್ಟ್ ಇಯರ್‌ನಲ್ಲಿ ಬೀಳುವ ರಿಕ್ವೆಸ್ಟ್ ಒಂದಿದೆ. ಲೋ, ನಿಮ್ಮ ಕನ್ನಡದಲ್ಲಿ ಏನಾದ್ರೂ ಮಾತಾಡ್ರೋ! ನಾವು ಹಾಸ್ಟೆಲ್ ಊಟ ಚಲೋ ಇಲ್ಲ ಅಂತ ಸೀರಿಯಸ್ಸಾಗಿ ಹೇಳಿದರೂ ನಗು. ಕೇಳುವವರದು ಕೆಟ್ಟ ಮನಸ್ಸಲ್ಲ, ಅದು ನಮಗೂ ಗೊತ್ತು. ಅವರು ಈ ಕನ್ನಡವನ್ನು ಹೆಚ್ಚಾಗಿ ಕೇಳಿದ್ದು ಸಿನಿಮಾದ ಕಾಮಿಡಿ ಸೀನಿನಲ್ಲಿ. ಹೀರೋ ಮಾತಾಡುವ ಕನ್ನಡ ಒಂದು. ನಡುವೆ ಎರಡು ನಿಮಿಷ ಬಂದು ನಗಿಸಿ ಹೋಗುವವನ ಕನ್ನಡ ನಮ್ಮದು. ಅಂದರೆ ಕನ್ನಡ ಅನ್ನೋ ಯೂನಿವರ್ಸಿನಲ್ಲಿ ನಮ್ಮ ಮಾತಿಗೇ ಕ್ಯಾಮಿಯೊ ರೋಲ್.

ಇದರ ಪರಿಣಾಮ ನಗುವಿಗಿಂತ ದೊಡ್ಡದು. ಎರಡನೇ ಸೆಮಿಸ್ಟರ್ ಹೊತ್ತಿಗೆ ನಮ್ಮಲ್ಲಿ ಎಷ್ಟೋ ಜನ 'ಐತಿ' ಬಿಟ್ಟು 'ಇದೆ' ಹಿಡಿದಿರ್ತಾರೆ. ಪ್ರೆಸೆಂಟೇಶನ್ನಿಗೆ ಇಂಗ್ಲಿಷ್, ಕ್ಯಾಂಟೀನಿಗೆ ಬೆಂಗಳೂರು ಕನ್ನಡ, ಫೋನಿನಲ್ಲಿ ಅವ್ವನ ಹತ್ತಿರ ಮಾತ್ರ ಊರ ಕನ್ನಡ, ಅದೂ ರೂಮಿನ ಹೊರಗೆ ಹೋಗಿ. ಈ ಲೇಖನದಲ್ಲೂ ನೋಡಿ, ನಾವು ಮುಕ್ಕಾಲು ಭಾಗ ಬರೆದಿರೋದು ಎಲ್ಲರ ಕನ್ನಡದಲ್ಲಿ. ಬಾಗಿಲ ಜಗಳ ಬಂದಾಗ ಮಾತ್ರ ಅದು ನಮ್ಮ ಕನ್ನಡಕ್ಕೆ ತಾನಾಗಿ ಹೊರಳಿತು. ಜಗಳಕ್ಕೆ, ಪ್ರೀತಿಗೆ, ದೇವರ ಕಾಲೆಳೆಯೋದಕ್ಕೆ ಬೇಕಾದ ಪದ ಆ ಮಾತಿನಲ್ಲೇ ಇವೆ.

ಪಾರಿಜಾತದ ರಾತ್ರಿಯಲ್ಲಿ ಈ ಲೆಕ್ಕ ಪೂರ್ತಿ ತಿರುವು ಮುರುವು. ಅಲ್ಲಿ ನಮ್ಮ ಕನ್ನಡವೇ ಮನೆ. ಹೊರಗೆ ನಿಂತವನು ಪುರಾಣದ ಕೃಷ್ಣ. ಅವನು ಒಳಗೆ ಬರಬೇಕಾದರೆ ಈ ಕನ್ನಡದಲ್ಲೇ ಉತ್ತರ ಕೊಡಬೇಕು. ತಲೆಮಾರುಗಳಿಂದ ಕೊಟ್ಟಿದ್ದಾನೆ ಕೂಡ. ಯಾರೂ ಅದನ್ನು ಕಾಮಿಡಿ ಅಂದಿಲ್ಲ. ನಕ್ಕಿದ್ದಾರೆ, ಹೌದು. ಆದರೆ ನಕ್ಕದ್ದು ಸತ್ಯಭಾಮೆಯ ಜಾಣತನಕ್ಕೆ, ಅವಳ ಮಾತಿನ ಧಾಟಿಗೆ ಅಲ್ಲ.

ಹಾಗಾಗಿ ನಮಗೆ ಭಯ ಇರೋದು ಕೃಷ್ಣನ ಬಗ್ಗೆ ಅಲ್ಲ. ಅವನಿಗೆ ಸಿನಿಮಾ ಇದೆ, ಸೀರಿಯಲ್ ಇದೆ, ಗೇಮ್ ಕೂಡ ಬಂದಾಯ್ತು. ಭಯ ಇರೋದು ಬಾಗಿಲ ಹಿಂದಿನವಳ ಬಗ್ಗೆ. ಚಕ್ರಿ ಅಂದರೆ ಕುಂಬಾರ ಅಂತ ತಟ್ಟನೆ ತಿರುಗಿಸಿ ಹೇಳೋಕೆ ಪದ ಗೊತ್ತಿರಬೇಕು. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದ ನಮಗೆ ಥಾನೋಸ್‌ನ ಆರು ಕಲ್ಲುಗಳ ಹೆಸರು ಬಾಯಿಪಾಠ ಇದೆ. ಮಾಧವ ಅನ್ನೋದಕ್ಕೆ ಇನ್ನೊಂದು ಅರ್ಥ ಕೇಳಿದರೆ ಗೂಗಲ್ ತೆಗೀಬೇಕು. ಪ್ರಶ್ನೆ ಕೇಳುವವರೇ ಇಲ್ಲದ ಮನೆಗೆ ದೇವರು ಬಂದರೂ ಆಟ ಕಟ್ಟೋದಿಲ್ಲ.

ಮುಂದಿನ ರಾಜ್ಯೋತ್ಸವಕ್ಕೆ ಸ್ಕಿಟ್ ಬರೆಯೋರಿಗೆ

ನಮ್ಮ ಕ್ಲಬ್ಬಿನ ಸ್ಕಿಟ್‌ಗಳಲ್ಲಿ ಯಮಧರ್ಮ ಕಾಲೇಜಿಗೆ ಬರ್ತಾನೆ, ದುರ್ಯೋಧನ ಪ್ಲೇಸ್‌ಮೆಂಟಿಗೆ ಕೂರ್ತಾನೆ. ಐಡಿಯಾ ಒಳ್ಳೆಯದೇ. ಬರೆಯುವಾಗ ನಾಲ್ಕು ವಿಷಯ ನೋಡ್ಕೊಳ್ಳಿ.

ಒಂದು, ಅತಿಥಿಯನ್ನು ಗೇಟಿನಲ್ಲೇ ಯಾರಾದರೂ ತಡೀಲಿ. ಐಡಿ ಕಾರ್ಡ್ ಕೇಳುವ ಸೆಕ್ಯೂರಿಟಿ ಅಣ್ಣನಿಗಿಂತ ಒಳ್ಳೆಯ ಭಾಗವತ ನಮಗೆ ಸಿಗಲ್ಲ.

ಎರಡು, ಅವನ ಒಂದು ಬಿರುದನ್ನು ನಮ್ಮ ಕ್ಯಾಂಪಸ್ಸಿನ ಅರ್ಥದಲ್ಲಿ ಉಲ್ಟಾ ಮಾಡಿ. ಪಂಚ್ ಡೈಲಾಗ್ ಹುಡುಕೋಕೆ ಹೋಗಬೇಡಿ, ಪದದ ಒಳಗೇ ಅದು ಇರುತ್ತೆ.

ಮೂರು, ಕ್ಯಾಂಪಸ್ಸಿನ ಒಂದು ನಿಜವಾದ ಕಷ್ಟವನ್ನು ಅವನ ಮುಂದೆ ಇಡಿ. ಬ್ಯಾಕ್‌ಲಾಗ್, ಫೀಸ್ ಕಟ್ಟಲು ಅಪ್ಪ ಮಾಡಿದ ಸಾಲ, ಇಂಗ್ಲಿಷ್ ಬರಲ್ಲ ಅಂತ ಸುಮ್ಮನೆ ಕೂತ ಹುಡುಗಿ. ಅವನ ಗದೆಯಿಂದ ಅದು ಬಗೆಹರಿಯಬಾರದು.

ನಾಲ್ಕು, ನಮ್ಮ ಕಡೆಯ ಕನ್ನಡ ಮಾತಾಡುವ ಪಾತ್ರ ಇಟ್ಟರೆ ಅವನನ್ನು ನಗಿಸೋಕೆ ಇಡಬೇಡಿ. ಬಾಗಿಲ ಹಿಂದೆ ನಿಲ್ಲಿಸಿ, ಪ್ರಶ್ನೆ ಕೇಳುವ ಕೆಲಸ ಕೊಡಿ. ಡೈಲಾಗ್ ಹೇಳೋಕೆ ಜನ ಬೇಕಾದರೆ ನಾವು ಗೋಕಾಕ, ಮೂಡಲಗಿ, ಹುಕ್ಕೇರಿಯವರು ಹಾಸ್ಟೆಲ್‌ನಲ್ಲೇ ಇರ್ತೀವಿ. ಪ್ರಾಕ್ಟೀಸಿಗೆ ಬರುವಾಗ ಕರದಂಟು ತರ್ತೀವಿ.